‘ತಿನ್ನುತ್ತದೆ’ ಮತ್ತು ‘ತಿಂದೀತು’: ವಿಷ ತಿನ್ನುವ ಬ್ಯಾಕ್ಟೀರಿಯಾ ಮತ್ತು ನಮ್ಮ ವಿಜ್ಞಾನ ಗದ್ಯದ ಕ್ರಿಯಾಪದ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಂಡಿದೆ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗವಿದೆ.)



ಕನ್ನಡದಲ್ಲಿ ವಿಜ್ಞಾನ ಬರೆಯುವುದರ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ನಾಮಪದಗಳ ಸುತ್ತಲೇ ತಿರುಗುತ್ತದೆ. ‘ಜೀನ್’ ಅನ್ನಬೇಕೋ ‘ವಂಶವಾಹಿ’ ಅನ್ನಬೇಕೋ, ‘ಎನ್‌ಜೈಮ್’ ಸರಿಯೋ ‘ಕಿಣ್ವ’ ಸರಿಯೋ ಅಂತ. ಇದು ಬೇಕಾದ ಚರ್ಚೆಯೇ. ಆದರೆ ಇವತ್ತು ನಾನು ನಾಮಪದವನ್ನು ಪಕ್ಕಕ್ಕಿಟ್ಟು ಕ್ರಿಯಾಪದದ ಬಗ್ಗೆ ಮಾತಾಡ್ತೀನಿ. ಆರಿಸಿಕೊಂಡ ಉದಾಹರಣೆ ಒಂದೇ: ಮಣ್ಣಿಗೆ ಬಿದ್ದ ಕೀಟನಾಶಕವನ್ನು ಒಡೆಯುವ ಬ್ಯಾಕ್ಟೀರಿಯಾ. ಒಡೆಯುವ ಆ ಕೆಲಸವನ್ನು ಅದರೊಳಗಿನ ಜೀನುಗಳು ಯಾವಾಗ ಶುರು ಮಾಡುತ್ತವೆ, ಯಾವಾಗ ನಿಲ್ಲಿಸುತ್ತವೆ ಅನ್ನುವುದು ಪ್ರಶ್ನೆ. ವಿಜ್ಞಾನ ‘ಇಂಥ ಸ್ಥಿತಿಯಲ್ಲಿ ತಿಂದೀತು’ ಅನ್ನುವ ಕಡೆ ನಮ್ಮ ಗದ್ಯ ‘ತಿನ್ನುತ್ತದೆ’ ಅಂತ ಅಚ್ಚು ಹಾಕುತ್ತಿದೆ, ಈ ಎರಡರ ನಡುವಿನ ಅಂತರ ಬರೀ ವ್ಯಾಕರಣದ್ದಲ್ಲ ಎಂಬುದು ನನ್ನ ವಾದ.

ಒಂದು ವಾಕ್ಯದ ಅಚ್ಚು

ಪತ್ರಿಕೆಗಳ ವಿಜ್ಞಾನ ಅಂಕಣ, ಕೃಷಿ ಪುರವಣಿ, ಪರಿಸರ ದಿನದ ವಿಶೇಷ ಲೇಖನ ಇವನ್ನು ಓದುವವರಿಗೆ ಪರಿಚಯವಿರುವ ಒಂದು ಅಚ್ಚು ಇದೆ. ಯಾವ ಲೇಖಕರ ಕಡೆಗೂ ಬೊಟ್ಟು ಮಾಡದೆ ಅಚ್ಚನ್ನಷ್ಟೇ ಹೇಳ್ತೀನಿ. ಅದರಲ್ಲಿ ಮೂರು ಭಾಗ. ಒಂದು, ಹೊಲಗಳಿಗೆ ಅಪಾರ ಕೀಟನಾಶಕ ಸಿಂಪಡಿಸಲಾಗಿದೆ. ಎರಡು, ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ಈ ವಿಷವನ್ನು ತಿನ್ನುತ್ತವೆ. ಮೂರು, ಹೀಗೆ ನಿಸರ್ಗ ತನ್ನನ್ನು ತಾನೇ ಶುದ್ಧಿ ಮಾಡಿಕೊಳ್ಳುತ್ತದೆ.

ಈ ಮೂರು ವಾಕ್ಯಗಳಲ್ಲಿ ಕರ್ತೃ ಯಾರು ಅಂತ ಸುಮ್ಮನೆ ಗುರುತು ಹಾಕಿ ನೋಡಿ. ಮೊದಲನೆಯದು ಕರ್ಮಣಿ ಪ್ರಯೋಗ. ‘ಸಿಂಪಡಿಸಲಾಗಿದೆ’, ಆದರೆ ಸಿಂಪಡಿಸಿದವರು ವಾಕ್ಯದಲ್ಲಿ ಇಲ್ಲ. ಮಾಡಿದವರು, ಮಾರಿದವರು, ಶಿಫಾರಸು ಮಾಡಿದವರು ಕೂಡ ಇಲ್ಲ. ಎರಡನೆಯದು ಕರ್ತರಿ ಪ್ರಯೋಗ, ಬ್ಯಾಕ್ಟೀರಿಯಾಕ್ಕೆ ಪೂರ್ತಿ ಕರ್ತೃಸ್ಥಾನ. ಮೂರನೆಯದರಲ್ಲಿ ನಿಸರ್ಗವೇ ಕರ್ತೃ, ನಿಸರ್ಗವೇ ಕರ್ಮ. ಅಂದರೆ ವಿಷ ಹಾಕುವಾಗ ಮನುಷ್ಯ ವಾಕ್ಯದಿಂದ ಹೊರಗೆ ಹೋಗುತ್ತಾನೆ, ವಿಷ ತೆಗೆಯುವಾಗ ಕಣ್ಣಿಗೆ ಕಾಣದ ಜೀವಿಯೊಂದು ಒಳಗೆ ಬರುತ್ತದೆ. ಹೊಣೆ ಯಾರದ್ದು ಅನ್ನುವ ಪ್ರಶ್ನೆಗೆ ಜಾಗವೇ ಉಳಿಯುವುದಿಲ್ಲ.

ಇನ್ನೊಂದು ಅಂಶ ಕಾಲದ್ದು. ಕನ್ನಡದಲ್ಲಿ ‘-ಉತ್ತದೆ’ ರೂಪ ವರ್ತಮಾನಕ್ಕೂ ಆಗುತ್ತೆ, ರೂಢಿಗೂ ಆಗುತ್ತೆ, ಭವಿಷ್ಯಕ್ಕೂ ಆಗುತ್ತೆ. ‘ಬಸ್ಸು ನಾಳೆ ಆರಕ್ಕೆ ಬರುತ್ತದೆ’ ಅಂತೀವಲ್ಲ, ಹಾಗೆ. ಆದ್ದರಿಂದ ‘ಬ್ಯಾಕ್ಟೀರಿಯಾ ವಿಷ ತಿನ್ನುತ್ತದೆ’ ಅನ್ನುವ ವಾಕ್ಯ ಓದುಗರ ಕಿವಿಗೆ ಬೀಳುವುದು ಒಂದು ವೀಕ್ಷಣೆಯಾಗಿ ಅಲ್ಲ, ಭರವಸೆಯಾಗಿ: ‘ಇವತ್ತಲ್ಲದಿದ್ದರೆ ನಾಳೆ ತಿನ್ನುತ್ತೆ ಬಿಡಿ.’

ಮದ್ದು, ಮರುಂದು, ನಂಜು

ನಮ್ಮ ಮನೆ ಧರ್ಮಪುರಿ ಜಿಲ್ಲೆಯ ಪಾಲಕ್ಕೋಡು ಕಡೆ. ಟೊಮೇಟೊ ಬೆಳೆಯುವ ಊರು. ಮಾರಂಡಹಳ್ಳಿಯ ಥರ ‘ಹಳ್ಳಿ’ಯಲ್ಲಿ ಕೊನೆಯಾಗುವ ಊರ ಹೆಸರುಗಳು ಅಲ್ಲಿ ಈಗಲೂ ಇವೆ. ಧರ್ಮಪುರಿ 1965ರಲ್ಲಿ ಸೇಲಂ ಜಿಲ್ಲೆಯಿಂದ ಬೇರೆಯಾಯಿತು. 2004ರಲ್ಲಿ ಹೊಸೂರು, ಡೆಂಕಣಿಕೋಟೆಗಳು ಕೃಷ್ಣಗಿರಿ ಜಿಲ್ಲೆಗೆ ಸೇರಿದವು. ಗಡಿ ಎಷ್ಟು ಸಲ ಬದಲಾದರೂ ನಮ್ಮಂಥ ಮನೆಗಳಲ್ಲಿ ಕನ್ನಡ, ಮಂಡಿಯಲ್ಲಿ ತಮಿಳು ಅನ್ನುವ ಏರ್ಪಾಡು ಬದಲಾಗಿಲ್ಲ. ಕೀಟನಾಶಕಕ್ಕೆ ಅಲ್ಲಿ ಬಳಕೆಯಲ್ಲಿರುವ ಮಾತು ತಮಿಳಿನ ‘ಪೂಚಿ ಮರುಂದು’. ಅಪ್ಪ ಕನ್ನಡ ಮಾತಾಡುವಾಗಲೂ ‘ಮರುಂದು ಹೊಡೀಬೇಕು’ ಅಂತಲೇ ಹೇಳೋದು. ಕರ್ನಾಟಕದ ಒಳಗೆ ಇದೇ ‘ಔಷಧಿ ಹೊಡೆಯೋದು’, ‘ಮದ್ದು ಬಿಡೋದು’ ಆಗುತ್ತೆ.

ಭಾಷೆ ಓದುವವರಾದ ನಮಗೆ ಇದು ಬಿಟ್ಟುಹೋಗುವ ಸಂಗತಿಯಲ್ಲ. ತಮಿಳಿನ ‘ಮರುಂದು’, ಹಳಗನ್ನಡದ ‘ಮರ್ದು’, ಇವತ್ತಿನ ‘ಮದ್ದು’ ಒಂದೇ ಬುಡದವು. ಮೂರಕ್ಕೂ ಮೂಲ ಅರ್ಥ ಔಷಧ. ಆದರೆ ಕನ್ನಡದ ಮದ್ದು ಔಷಧದಲ್ಲಿ ನಿಲ್ಲಲಿಲ್ಲ. ಬಂದೂಕಿಗೆ ತುಂಬುವುದೂ ಮದ್ದೇ. ಊಟದಲ್ಲಿ ಬೆರೆಸಿ ಹಾಕಿದರು ಅಂತ ಹಳ್ಳಿಗಳಲ್ಲಿ ಅನುಮಾನಿಸುವ ‘ಕೈಮದ್ದು’ ಕೂಡ ಮದ್ದೇ. ಕೈಮದ್ದಿನ ಬಗೆಗಿನ ನಂಬಿಕೆ ಏನು? ಅದು ಹೊಟ್ಟೆಯಲ್ಲಿ ಕರಗದೆ ಕೂತಿರುತ್ತೆ, ದಿನಕಳೆದಂತೆ ಮನುಷ್ಯ ಸೊರಗುತ್ತಾನೆ, ಯಾರಾದರೂ ‘ಮದ್ದು ತೆಗೆಯಬೇಕು’. ಆ ನಂಬಿಕೆಯನ್ನು ನಾನು ಸಮರ್ಥಿಸ್ತಿಲ್ಲ. ಒಳಗೆ ಹೋದದ್ದು ಹೋಯಿತು ಅಂದುಕೊಳ್ಳಬೇಡಿ, ಅದು ಅಲ್ಲೇ ಕೂತಿರಬಹುದು ಅನ್ನುವ ಎಚ್ಚರ ಆ ಪದದೊಳಗೆ ಇದೆ ಅಂತಷ್ಟೇ ಹೇಳ್ತಿದ್ದೀನಿ. ‘ಶುದ್ಧಿ ಮಾಡಿಕೊಳ್ಳುತ್ತದೆ’ ಅನ್ನುವ ಪತ್ರಿಕೆಯ ಕನ್ನಡದಲ್ಲಿ ಈ ಎಚ್ಚರ ಕಾಣೆಯಾಗಿದೆ.

‘ನಂಜು’ ಇನ್ನೂ ಹತ್ತಿರದ ಪದ. ವಿಷ ತಿನ್ನುವ ಬ್ಯಾಕ್ಟೀರಿಯಾ ಅಂದ ಕೂಡಲೇ ಕನ್ನಡದವರಿಗೆ ನೆನಪಾಗುವ ಹೆಸರು ನಂಜುಂಡ. ಆದರೆ ಕಥೆಯ ಎರಡನೆಯ ಅರ್ಧವನ್ನು ನಾವು ಮರೆತುಬಿಡ್ತೀವಿ. ಹಾಲಾಹಲ ಅವನಿಗೆ ಜೀರ್ಣವಾಗಲಿಲ್ಲ, ಗಂಟಲಲ್ಲಿ ನಿಂತಿತು. ಅದಕ್ಕೇ ಅವನು ವಿಷಕಂಠ. ‘ಉಂಡ’ ಅನ್ನುವುದಕ್ಕೂ ‘ಅರಗಿಸಿಕೊಂಡ’ ಅನ್ನುವುದಕ್ಕೂ ನಡುವೆ ಒಂದು ಗಂಟಲು ಇದೆ. ಮಣ್ಣಿನ ವಿಜ್ಞಾನದಲ್ಲೂ ಸಮಸ್ಯೆ ಹೆಚ್ಚಾಗಿ ಅಲ್ಲೇ ಸಿಕ್ಕಿಕೊಂಡಿರುತ್ತದೆ.

ಗಂಟಲಲ್ಲಿ ನಿಂತದ್ದು: ಎರಡು ಉದಾಹರಣೆ

1973ರಲ್ಲಿ ಎನ್. ಸೇತುನಾಥನ್ ಮತ್ತು ಟಿ. ಯೋಶಿದಾ ಒಂದು ಸಂಶೋಧನೆ ಪ್ರಕಟಿಸಿದರು. ಫಿಲಿಪೀನ್ಸ್‌ನಲ್ಲಿ, ಡಯಾಜಿನಾನ್ ಎಂಬ ಕೀಟನಾಶಕ ಬಿದ್ದ ಭತ್ತದ ಗದ್ದೆಯ ನೀರಿನಿಂದ, ಅವರು ಒಂದು ಫ್ಲೇವೋಬ್ಯಾಕ್ಟೀರಿಯಂ ಅನ್ನು ಬೇರ್ಪಡಿಸಿದ್ದರು. ಅದು ಡಯಾಜಿನಾನ್ ಜೊತೆಗೆ ಪ್ಯಾರಾಥಿಯಾನನ್ನೂ ಒಡೆಯಬಲ್ಲದಾಗಿತ್ತು. ಆ ಒಡೆಯುವ ಕಿಣ್ವದ ಸೂಚನೆ ಇರುವ ಜೀನಿಗೆ ಆಮೇಲೆ ‘ಒಪಿಡಿ’ ಅಂತ ಹೆಸರಾಯಿತು. ಇದು ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿನಲ್ಲಿ ಇರಲಿಲ್ಲ, ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಉಂಗುರದಲ್ಲಿತ್ತು. ಪ್ಲಾಸ್ಮಿಡ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. 1980ರ ದಶಕದಲ್ಲಿ ಅಮೆರಿಕದ ಬೇರೊಂದು ಬ್ಯಾಕ್ಟೀರಿಯಾದಲ್ಲಿ, ಬೇರೆಯೇ ಥರದ ಪ್ಲಾಸ್ಮಿಡ್ ಮೇಲೆ, ಇದೇ ಜೀನ್ ಸಿಕ್ಕಿತು. 2003ರಲ್ಲಿ ದಯಾನಂದ ಸಿದ್ಧವಟ್ಟಂ ಮತ್ತು ಸಂಗಡಿಗರು ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಿಂದ ಪ್ರಕಟಿಸಿದ ಕೆಲಸ ಇದಕ್ಕೆ ಸುಳಿವು ಕೊಟ್ಟಿತು. ಒಪಿಡಿ ಜೀನಿನ ಎರಡೂ ಬದಿಗೆ ಜಾಗ ಬದಲಿಸುವ ಡಿಎನ್‌ಎ ತುಣುಕುಗಳ ಗುರುತುಗಳಿವೆ, ಅಂದರೆ ಈ ಜೀನ್ ಅಲೆದಾಡಿ ಬಂದದ್ದು. ಕನ್ನಡದವರೂ ಬದುಕುವ ಗಡಿ ಜಿಲ್ಲೆಯೊಂದರಿಂದ ಬಂದ ಈ ಕೆಲಸ ನಮ್ಮ ವಿಜ್ಞಾನ ಅಂಕಣಗಳಿಗೆ ಒಳ್ಳೆಯ ಕಥೆಯಾಗಬಹುದಿತ್ತು.

ಈಗ ಗಂಟಲಿನ ವಿಷಯ. ಒಪಿಡಿ ಕಿಣ್ವ ಪ್ಯಾರಾಥಿಯಾನನ್ನು ಎರಡು ತುಂಡು ಮಾಡುತ್ತದೆ. ಒಂದು ತುಂಡಿನ ಹೆಸರು ಪ್ಯಾರಾ-ನೈಟ್ರೋಫಿನಾಲ್. ಪ್ಯಾರಾಥಿಯಾನಿನಷ್ಟು ಘೋರವಲ್ಲ, ಆದರೆ ವಿಷವೇ. ಅದನ್ನು ಒಡೆಯಲು ಬೇರೆ ಕಿಣ್ವಗಳು, ಬೇರೆ ಜೀನುಗಳು ಬೇಕು. ಸ್ಯೂಡೋಮೊನಾಸ್ ಜಾತಿಯ ಒಂದು ಬ್ಯಾಕ್ಟೀರಿಯಾದಲ್ಲಿ ಈ ಜೀನುಗಳನ್ನು ‘ಪಿಎನ್‌ಪಿ-ಆರ್’ ಅನ್ನುವ ಪ್ರೋಟೀನ್ ಕಾಯುತ್ತದೆ. ನೈಟ್ರೋಫಿನಾಲ್ ಬಂದು ತಾಕಿದಾಗ ಮಾತ್ರ ಅವು ಚುರುಕಾಗುತ್ತವೆ. ಅಂದರೆ ‘ಬ್ಯಾಕ್ಟೀರಿಯಾ ಪ್ಯಾರಾಥಿಯಾನ್ ತಿನ್ನುತ್ತದೆ’ ಅನ್ನುವ ಒಂದು ವಾಕ್ಯದ ಹಿಂದೆ ಕಡಿಮೆಯೆಂದರೂ ಎರಡು ‘ಇದ್ದರೆ’ಗಳಿವೆ. ಮೊದಲ ತುಂಡು ಮಾಡುವ ಜೀನ್ ಇದ್ದರೆ. ಉಳಿದದ್ದನ್ನು ಮುಗಿಸುವ ಜೀನ್ ಅದೇ ಮಣ್ಣಿನಲ್ಲಿ ಇದ್ದು, ಎಚ್ಚರವಾದರೆ.

ಎರಡನೆಯ ಉದಾಹರಣೆಗೆ ಸೇಲಂ ಜಿಲ್ಲೆಯ ಏರ್ಕಾಡಿಗೆ ಹೋಗೋಣ. ಅಲ್ಲಿನ ಅರೇಬಿಕಾ ತೋಟದವರಿಗೂ ನಮ್ಮ ಚಿಕ್ಕಮಗಳೂರಿನವರಿಗೂ ಬಿಳಿ ಕಾಂಡಕೊರಕ ಹಳೆಯ ಶತ್ರು. ಭಾರತದ ಅರೇಬಿಕಾ ತೋಟಗಳಲ್ಲಿ ಈ ಹುಳಕ್ಕೆ ಬಿಎಚ್‌ಸಿ, ಆಮೇಲೆ ಲಿಂಡೇನ್ ಅನ್ನು ಕಾಂಡಕ್ಕೆ ಬಳಿಯುವ ರೂಢಿ ದಶಕಗಳ ಕಾಲ ಇತ್ತು. ನಮ್ಮ ಅಜ್ಜಂದಿರು ಗ್ಯಾಮಾಕ್ಸಿನ್ ಪುಡಿ ಅಂತ ಕರೆಯುತ್ತಿದ್ದದ್ದು ಇದೇ ಕುಟುಂಬದ್ದು. ಬಿಎಚ್‌ಸಿಯಲ್ಲಿ ಕೀಟ ಕೊಲ್ಲುವ ಗಾಮಾ ರೂಪ, ಅಂದರೆ ಲಿಂಡೇನ್, ಶೇ. 10ರಿಂದ 15ರಷ್ಟು ಮಾತ್ರ. ಉಳಿದದ್ದೆಲ್ಲ ಆಲ್ಫಾ, ಬೀಟಾ ಮುಂತಾದ ರೂಪಗಳು. ಕೆಲಸಕ್ಕೆ ಬಾರದ ಈ ಪಾಲೂ ಮಣ್ಣಿಗೇ ಹೋಯಿತು. ಅದರಲ್ಲೂ ಬೀಟಾ ರೂಪ ಬಹಳ ಕಾಲ ಉಳಿಯುವಂಥದ್ದು. ಭಾರತ 1997ರಲ್ಲಿ ಬಿಎಚ್‌ಸಿ ನಿಷೇಧಿಸಿತು. ಲಿಂಡೇನ್ ಬಳಕೆ ನಿಂತದ್ದು 2013ರಲ್ಲಿ.

ಇದನ್ನು ಒಡೆಯುವ ಒಂದು ಬ್ಯಾಕ್ಟೀರಿಯಾ ನಮ್ಮ ದೇಶದ್ದೇ. 1990ರಲ್ಲಿ ಕಟಕ್‌ನ ಸಂಶೋಧಕರು ಕಬ್ಬಿನ ಬೇರಿನ ಸುತ್ತಲ ಮಣ್ಣಿನಿಂದ ಅದನ್ನು ಬೇರ್ಪಡಿಸಿ ವರದಿ ಮಾಡಿದರು. ಆ ತಂಡದಲ್ಲೂ ಸೇತುನಾಥನ್ ಇದ್ದರು. ಇದರ ಜಪಾನಿ ಸೋದರ ತಳಿಯಲ್ಲಿ ‘ಲಿನ್’ ಜೀನುಗಳ ಕೆಲಸವನ್ನು ಬಿಡಿಸಿ ನೋಡಿದ್ದಾರೆ. ಮೊದಲ ಹಂತಗಳ ಲಿನ್-ಎ, ಲಿನ್-ಬಿ, ಲಿನ್-ಸಿ ಜೀನುಗಳು ಸದಾ ತೆರೆದ ಅಂಗಡಿ ಇದ್ದಹಾಗೆ. ಲಿಂಡೇನ್ ಇರಲಿ ಬಿಡಲಿ, ಕಿಣ್ವ ತಯಾರಾಗುತ್ತಲೇ ಇರುತ್ತದೆ. ಕೆಳ ಹಂತದ ಲಿನ್-ಡಿ, ಲಿನ್-ಇ ಹಾಗಲ್ಲ. ಲಿನ್-ಆರ್ ಎಂಬ ಪ್ರೋಟೀನಿಗೆ ಮಧ್ಯದ ಹಂತದ ವಸ್ತು ತಾಕಿದಾಗ ಅವುಗಳ ಬಾಗಿಲು ತೆರೆಯುತ್ತದೆ. ಒಂದೇ ಜೀವಕೋಶದಲ್ಲಿ ‘ತಿನ್ನುತ್ತದೆ’ಯೂ ಇದೆ, ‘ತಿಂದೀತು’ವೂ ಇದೆ. ಎಲ್ಲಕ್ಕೂ ಒಂದೇ ಕ್ರಿಯಾಪದ ಹಚ್ಚಿದರೆ ಕಾಣದೆ ಹೋಗುವುದು ಇದೇ.

ಗಂಧಕದ ಹಸಿವು

ಮೂರನೆಯ ಉದಾಹರಣೆ ಎಂಡೋಸಲ್ಫಾನ್. ಇಲ್ಲಿ ಕನ್ನಡಕ್ಕೆ ನೇರ ಸಂಬಂಧವಿದೆ. ಕಾಸರಗೋಡಿನ ಎಣ್ಮಕಜೆ, ಪಡ್ರೆ, ಸ್ವರ್ಗ ಕನ್ನಡ, ತುಳು ಮನೆಮಾತಿನ ಊರುಗಳು. ಅಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುವುದು 2000ದವರೆಗೆ ನಡೆಯಿತು. ಇದನ್ನು ಮೊದಮೊದಲು ಬರೆದು ಎಚ್ಚರಿಸಿದವರಲ್ಲಿ ಅಲ್ಲಿಯವರೇ ಆದ ಪತ್ರಕರ್ತ ಶ್ರೀಪಡ್ರೆ ಮತ್ತು ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಇದ್ದಾರೆ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಎಂಡೋಸಲ್ಫಾನನ್ನು ತನ್ನ ಪಟ್ಟಿಗೆ ಸೇರಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು.

ಎಂಡೋಸಲ್ಫಾನ್ ಮಣ್ಣಿನಲ್ಲಿ ಎರಡು ದಾರಿ ಹಿಡಿಯಬಹುದು. ಒಂದು ದಾರಿಯಲ್ಲಿ ಅದು ಕಡಿಮೆ ವಿಷದ ಎಂಡೋಸಲ್ಫಾನ್ ಡಯೋಲ್ ಆಗುತ್ತದೆ. ಇನ್ನೊಂದರಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಈ ಸಲ್ಫೇಟ್ ಮೂಲದಷ್ಟೇ ವಿಷ, ಮೂಲಕ್ಕಿಂತ ಹೆಚ್ಚು ದಿನ ಉಳಿಯುವಂಥದ್ದು. ಎರಡೂ ದಾರಿಯಲ್ಲಿ ಸೂಕ್ಷ್ಮಜೀವಿಗಳ ಕೈವಾಡವಿದೆ. ಹಾಗಾದರೆ ‘ಬ್ಯಾಕ್ಟೀರಿಯಾ ಎಂಡೋಸಲ್ಫಾನನ್ನು ಬದಲಾಯಿಸಿತು’ ಅನ್ನುವ ಸುದ್ದಿ ಒಳ್ಳೆಯದೋ ಕೆಟ್ಟದ್ದೋ? ಯಾವ ದಾರಿ ಅಂತ ಹೇಳದೆ ಉತ್ತರವಿಲ್ಲ.

2002ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಮೈಕೋಬ್ಯಾಕ್ಟೀರಿಯಂ ತಳಿಯೊಂದರಿಂದ ‘ಇಎಸ್‌ಡಿ’ ಅನ್ನುವ ಜೀನನ್ನು ವಿವರಿಸಿದರು. ಈ ಬ್ಯಾಕ್ಟೀರಿಯಾ ಎಂಡೋಸಲ್ಫಾನನ್ನು ಒಡೆಯುವುದು ಅದರೊಳಗಿನ ಗಂಧಕಕ್ಕಾಗಿ. ಸುತ್ತ ಸಲ್ಫೇಟ್ ಅಥವಾ ಸಲ್ಫೈಟ್ ರೂಪದಲ್ಲಿ ಸುಲಭದ ಗಂಧಕ ಸಿಕ್ಕರೆ ಅದು ಎಂಡೋಸಲ್ಫಾನ್ ಗೋಜಿಗೇ ಹೋಗುವುದಿಲ್ಲ, ಜೀನ್ ಸುಮ್ಮನಾಗುತ್ತದೆ. ಹಸಿದಾಗ ಕೂಡ ಆ ಕಿಣ್ವ ಬೀಟಾ ರೂಪವನ್ನಷ್ಟೇ ಒಡೆಯುತ್ತದೆ. ಆಲ್ಫಾ ರೂಪವನ್ನು ಮುಟ್ಟುವುದಿಲ್ಲ, ಎಂಡೋಸಲ್ಫಾನ್ ಸಲ್ಫೇಟನ್ನೂ ಮುಟ್ಟುವುದಿಲ್ಲ. ಮಾರುಕಟ್ಟೆಗೆ ಬರುತ್ತಿದ್ದ ಎಂಡೋಸಲ್ಫಾನಿನಲ್ಲಿ ಆಲ್ಫಾ ಮತ್ತು ಬೀಟಾ ಹೆಚ್ಚುಕಡಿಮೆ 7ಕ್ಕೆ 3ರ ಪ್ರಮಾಣದಲ್ಲಿ ಇರುತ್ತಿದ್ದವು.

ನಂಜುಂಡನ ಹೋಲಿಕೆ ಇಲ್ಲಿ ಕುಸಿಯುತ್ತದೆ. ಅವನು ಉಂಡದ್ದು ಲೋಕ ಉಳಿಯಲಿ ಅಂತ. ಬ್ಯಾಕ್ಟೀರಿಯಾಕ್ಕೆ ಲೋಕದ ಚಿಂತೆಯಿಲ್ಲ, ಗಂಧಕದ ಚಿಂತೆ. ಅಮೋನಿಯಂ ಸಲ್ಫೇಟ್ ಗೊಬ್ಬರ ಬಿದ್ದ ಹೊಲದಲ್ಲಿ ಇಂಥ ಬ್ಯಾಕ್ಟೀರಿಯಾಕ್ಕೆ ಹಸಿವು ಎಲ್ಲಿಂದ ಬರಬೇಕು? ಅದರ ಅನ್ನವನ್ನೂ, ಬೇಡವಾದ ವಿಷವನ್ನೂ ಒಂದೇ ಹೊಲಕ್ಕೆ ಹಾಕುವವರು ನಾವು. ಎಂಡೋಸಲ್ಫಾನ್ ಊರುಗಳ ಜನ ಎರಡು ದಶಕ ಅನುಭವಿಸಿದ್ದರ ಮುಂದೆ ನಿಂತು ‘ನಿಸರ್ಗ ತನ್ನನ್ನು ತಾನೇ ಶುದ್ಧಿ ಮಾಡಿಕೊಳ್ಳುತ್ತದೆ’ ಅಂತ ಬರೆಯುವುದು ವಿಜ್ಞಾನದ ದೃಷ್ಟಿಯಿಂದ ಅರೆಬರೆ. ಮನುಷ್ಯತ್ವದ ದೃಷ್ಟಿಯಿಂದ ಅದಕ್ಕಿಂತ ಕೆಟ್ಟದ್ದು.

ಬ್ಯಾಕ್ಟೀರಿಯಾ ಯಾರ ಕಡೆಯದು?

ಆ ಅಚ್ಚಿನ ವಾಕ್ಯದಲ್ಲಿ ಇನ್ನೊಂದು ಊಹೆ ಅಡಗಿದೆ: ಬ್ಯಾಕ್ಟೀರಿಯಾ ರೈತನ ಮಿತ್ರ. ಅದನ್ನೂ ಸ್ವಲ್ಪ ಕೆದಕೋಣ.

ನಮ್ಮ ಕಡೆ ಫ್ಯೂರಡಾನ್ ಅಂತಲೇ ಗೊತ್ತಿರುವ ಕಾರ್ಬೋಫ್ಯುರಾನ್ ಹರಳನ್ನು ತೆಗೆದುಕೊಳ್ಳಿ. ಅದನ್ನು ಪದೇ ಪದೇ ಹಾಕಿದ ಮಣ್ಣಿನಲ್ಲಿ ಒಡೆಯುವ ಬ್ಯಾಕ್ಟೀರಿಯಾಗಳು ಹೆಚ್ಚಿ, ಮೊದಲ ಸಲ ವಾರಗಟ್ಟಲೆ ಕೆಲಸ ಮಾಡಿದ ಮದ್ದು ಆಮೇಲೆ ಬೇಗ ಇಲ್ಲವಾಗುವುದನ್ನು ಹಲವು ದೇಶಗಳಲ್ಲಿ ಕಂಡಿದ್ದಾರೆ. ಪತ್ರಿಕೆಯ ಭಾಷೆಯಲ್ಲಿ ಇದು ಶುದ್ಧೀಕರಣ. ರೈತನ ಭಾಷೆಯಲ್ಲಿ ಇದು ‘ಮದ್ದು ಕೇಳ್ತಾ ಇಲ್ಲ’. ಆಗ ಅವನಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಇನ್ನಷ್ಟು ಹಾಕು ಅಂತ.

2012ರಲ್ಲಿ ಜಪಾನಿನಿಂದ ಬಂದ ಸಂಶೋಧನೆ ಇನ್ನೂ ವಿಚಿತ್ರ. ಸೋಯಾ ಥರದ ಕಾಳುಗಿಡಗಳ ರಸ ಹೀರುವ ಒಂದು ತಿಗಣೆ ತನಗೆ ಬೇಕಾದ ಬರ್ಕೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾವನ್ನು ಪ್ರತಿ ತಲೆಮಾರಿನಲ್ಲೂ ಮಣ್ಣಿನಿಂದಲೇ ಪಡೆದು ಹೊಟ್ಟೆಯಲ್ಲಿ ಸಾಕಿಕೊಳ್ಳುತ್ತದೆ. ಫೆನಿಟ್ರೊಥಿಯಾನ್ ಹಾಕಿದ ಮಣ್ಣಿನಲ್ಲಿ ಅದನ್ನು ಒಡೆಯಬಲ್ಲ ಬರ್ಕೋಲ್ಡೇರಿಯಾಗಳು ಹೆಚ್ಚುತ್ತವೆ. ಅಂಥದ್ದನ್ನು ಒಳಗೆ ಸೇರಿಸಿಕೊಂಡ ತಿಗಣೆ ಫೆನಿಟ್ರೊಥಿಯಾನಿಗೆ ಜಗ್ಗುವುದಿಲ್ಲ. ಮಣ್ಣನ್ನು ‘ಶುದ್ಧಿ’ ಮಾಡುವ ಅದೇ ಸಾಮರ್ಥ್ಯ ಇಲ್ಲಿ ಕೀಟದ ಕವಚವಾಯಿತು. ಬ್ಯಾಕ್ಟೀರಿಯಾ ಮಿತ್ರನೂ ಅಲ್ಲ, ದ್ರೋಹಿಯೂ ಅಲ್ಲ. ಮಿತ್ರ, ಸೈನಿಕ, ಝಾಡಮಾಲಿ ಅಂತ ನಾವು ಕೊಡುವ ಪಾತ್ರಗಳೆಲ್ಲ ನಮ್ಮ ಅನುಕೂಲಕ್ಕೆ ಬರೆದುಕೊಂಡವು.

ನಿಯಂತ್ರಣವೋ, ಹದವೋ?

ಒಂದು ನಾಮಪದದ ಬಗ್ಗೆ ಮಾತಾಡದೆ ವಿಧಿಯಿಲ್ಲ. ಜೀನ್ ಯಾವಾಗ ಕೆಲಸ ಮಾಡಬೇಕು ಅನ್ನುವ ಏರ್ಪಾಡಿಗೆ ನಾವು ಬಳಸುವ ಪದ ‘ನಿಯಂತ್ರಣ’: ವಂಶವಾಹಿ ನಿಯಂತ್ರಣ. ಇದೇ ಪದವನ್ನು ಕೀಟ ನಿಯಂತ್ರಣ, ಕಳೆ ನಿಯಂತ್ರಣ ಅನ್ನುವಲ್ಲೂ ಬಳಸ್ತೀವಿ. ಅಲ್ಲಿ ನಿಯಂತ್ರಿಸುವವನು ಮನುಷ್ಯ, ಗುರಿ ಇನ್ನೊಂದು ಜೀವಿ. ಆದ್ದರಿಂದ ‘ಬ್ಯಾಕ್ಟೀರಿಯಾದ ವಂಶವಾಹಿ ನಿಯಂತ್ರಣ’ ಅಂತ ಓದಿದಾಗ, ಯಾರೋ ಪ್ರಯೋಗಾಲಯದಲ್ಲಿ ಕೂತು ಗುಂಡಿ ಒತ್ತುತ್ತಿದ್ದಾರೆ ಅನ್ನಿಸುತ್ತೆ. ಇಲ್ಲಿ ಒತ್ತುವವರು ಯಾರೂ ಇಲ್ಲ. ಗಂಧಕ ಇದೆಯೋ ಇಲ್ಲವೋ, ನೈಟ್ರೋಫಿನಾಲ್ ತಾಕಿತೋ ಇಲ್ಲವೋ, ಅಷ್ಟೇ.

ಕನ್ನಡದ ಬೇಸಾಯಗಾರರ ಬಾಯಲ್ಲಿ ಇದಕ್ಕೆ ಹತ್ತಿರದ ಒಂದು ಪದವಿದೆ: ಹದ. ‘ಮಣ್ಣು ಹದಕ್ಕೆ ಬಂದಿದೆ’ ಅಂದರೆ ತೇವ, ಬಿಸಿ, ಕಾಲ ಎಲ್ಲ ಕೂಡಿ ಬಂದಿದೆ ಅಂತ. ಹದವನ್ನು ಯಾರೂ ನಿಯಂತ್ರಿಸುವುದಿಲ್ಲ, ನೋಡಿ ತಿಳಿದುಕೊಳ್ಳಬೇಕು. ಪಠ್ಯಪುಸ್ತಕದಲ್ಲಿ ನಿಯಂತ್ರಣವನ್ನು ತೆಗೆದು ಹದ ಹಾಕಿ ಅಂತ ನಾನು ಹೇಳೋದಿಲ್ಲ. ವಿವರಿಸುವಾಗ ‘ಜೀನಿಗೂ ಒಂದು ಹದ ಇದೆ’ ಅಂದರೆ ಧರ್ಮಪುರಿಯ ರೈತರಿಗೂ ಧಾರವಾಡದ ವಿದ್ಯಾರ್ಥಿಗೂ ಒಂದೇ ಕ್ಷಣದಲ್ಲಿ ಅರ್ಥವಾಗುತ್ತೆ.

ಇದು ಪದಗಳ ಆಟವಲ್ಲ ಅನ್ನುವುದಕ್ಕೆ ಒಂದು ನಿದರ್ಶನ. ಧರ್ಮಪುರಿ, ಹೊಸೂರು ಕಡೆ ರೇಷ್ಮೆ ಸಾಕುವ ಮನೆಗಳು ಬಹಳ. ಪಕ್ಕದ ಟೊಮೇಟೊ ಹೊಲಕ್ಕೆ ಹೊಡೆದ ಮದ್ದು ಗಾಳಿಗೆ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಸಾಕು, ನಾಲ್ಕನೇ ಜ್ವರ ಎದ್ದು ಇನ್ನೇನು ಚಂದ್ರಿಕೆಗೆ ಹತ್ತಬೇಕಾದ ಹುಳ ಸಾಯುತ್ತದೆ. ಹಾಗಾಗಿ ಅನುಮಾನ ಬಂದಾಗ ಸೊಪ್ಪನ್ನು ಮೊದಲು ನಾಲ್ಕು ಹುಳಕ್ಕೆ ಹಾಕಿ ನೋಡಿ, ಆಮೇಲೆ ತಟ್ಟೆಗೆ ಹಾಕುವುದು ನಮ್ಮ ಮನೆಯ ಪದ್ಧತಿ. ಎಲೆಯ ಮೇಲೆ ಬಿದ್ದದ್ದರ ಲೆಕ್ಕ ಬೇರೆ, ಮಣ್ಣಿಗೆ ಬಿದ್ದದ್ದರ ಲೆಕ್ಕ ಬೇರೆ. ಎಲೆಯಲ್ಲಿ ಬಿಸಿಲು, ದಿನ ಇವುಗಳ ಪಾತ್ರ ದೊಡ್ಡದು. ಮಣ್ಣಿನಲ್ಲಿ ತೇವ, ಬ್ಯಾಕ್ಟೀರಿಯಾ, ಅವುಗಳ ಜೀನುಗಳ ಹದ. ಸಿಂಪಡಿಸಿದ ಮೇಲೆ ಇಷ್ಟು ದಿನ ಕಾಯಿರಿ ಅನ್ನುವ ಸೂಚನೆ ಈ ಎಲ್ಲ ‘ಇದ್ದರೆ’ಗಳ ಮೇಲೆ ನಿಂತಿದೆ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಹೇಳುವುದು ಮೈಸೇರಿದರೆ ಆಗುವ ತಕ್ಷಣದ ಅಪಾಯವನ್ನು. ಮಣ್ಣಿಗೆ ಹೋದ ಮೇಲಿನ ಕಥೆ ಅದರಲ್ಲಿ ಇಲ್ಲ. ಆ ಕಥೆಯನ್ನು ಹೇಳಬೇಕಾದ್ದು ಲೇಖನ. ಅದೇ ‘ತಿನ್ನುತ್ತದೆ’ ಅಂತ ಮುಗಿಸಿಬಿಟ್ಟರೆ ಕಾಯುವವರು ಯಾಕೆ ಕಾಯಬೇಕು?

ನಮ್ಮಲ್ಲೇ ಇರುವ ಮಾದರಿ

ಕನ್ನಡಕ್ಕೆ ಈ ಎಚ್ಚರದ ಗದ್ಯ ಹೊಸದಲ್ಲ. 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೋ’ದಲ್ಲಿ ಒಬ್ಬ ವಿಜ್ಞಾನಿ, ಒಬ್ಬ ಮಂದಣ್ಣ, ಒಬ್ಬ ನಿರೂಪಕ ಎಲ್ಲ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಕೊನೆಗೆ ಓತಿ ಅವರ ಕೈಗೆ ಸಿಗುವುದಿಲ್ಲ, ತೇಲಿ ಹೋಗುತ್ತದೆ. ಆದರೂ ಓದುಗರಿಗೆ ಮೋಸವಾಯಿತು ಅನ್ನಿಸುವುದಿಲ್ಲ. ಬಿ.ಜಿ.ಎಲ್. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ, ತಮಿಳುನಾಡಿನಲ್ಲಿದ್ದುಕೊಂಡೇ ‘ಹಸುರು ಹೊನ್ನು’ ಬರೆದರು. ಅದರಲ್ಲಿ ಗಿಡವನ್ನು ಗುರುತಿಸುವ ಶ್ರಮ, ವಾದ, ತಮಾಷೆ ಎಲ್ಲ ಓದುಗರ ಕಣ್ಣೆದುರೇ ನಡೆಯುತ್ತದೆ. ಇಬ್ಬರಲ್ಲೂ ನಿಸರ್ಗ ಭರವಸೆ ಕೊಡುವ ದೇವರಲ್ಲ, ಗಮನ ಕೊಟ್ಟು ನೋಡಬೇಕಾದ ಒಂದು ಸಂಗತಿ. ನಮ್ಮ ವಿಜ್ಞಾನ ಅಂಕಣಗಳು ಅವರಿಂದ ವಿಷಯಗಳನ್ನು ತೆಗೆದುಕೊಂಡಷ್ಟು ಕ್ರಿಯಾಪದಗಳನ್ನು ತೆಗೆದುಕೊಂಡಿಲ್ಲ ಅನ್ನುವುದು ನನ್ನ ದೂರು.

ವ್ಯಾಕರಣದ ಪಾಠದಲ್ಲಿ ನಾವೆಲ್ಲ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಅಂತ ಮೂರನ್ನು ಒಟ್ಟಿಗೆ ಉರು ಹೊಡೆದವರು. ಕೀಟನಾಶಕದ ಬಗೆಗಿನ ನಮ್ಮ ಬರಹದಲ್ಲಿ ಮೊದಲೆರಡು ಧಾರಾಳ ಇವೆ: ‘ಬಳಸಿ’, ‘ಬಳಸಬೇಡಿ’. ಮೂರನೆಯದು ಪರೀಕ್ಷೆ ಮುಗಿದ ಮೇಲೆ ಪುಸ್ತಕದಲ್ಲೇ ಉಳಿದಿದೆ. ಜೀನುಗಳ ಹದದ ವಿಜ್ಞಾನವೆಂದರೆ ಪೂರ್ತಿಯಾಗಿ ಸಂಭಾವನಾರ್ಥಕದ ವಿಜ್ಞಾನ.

ಪ್ರಶ್ನೋತ್ತರ (ಆಯ್ದ ಭಾಗ)

ಒಬ್ಬ ಅಧ್ಯಾಪಕರ ಪ್ರಶ್ನೆ: ‘ತಿಂದೀತು’ ಥರದ ರೂಪಗಳು ಗ್ರಾಂಥಿಕ ಅನ್ನಿಸುವುದಿಲ್ಲವೇ? ಪತ್ರಿಕೆಯ ಓದುಗರಿಗೆ ಖಚಿತವಾದ ಮಾತು ಬೇಕಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ ಸರ್. ಈ ರೂಪ ಗ್ರಾಂಥಿಕ ಅಂತ ನನಗೆ ಅನ್ನಿಸುವುದಿಲ್ಲ. ಮಗು ಜಗಲಿಯ ಅಂಚಿಗೆ ಹೋದಾಗ ಮನೆಯವರು ಹೇಳೋದು ‘ಬಿದ್ದೀಯ ಜೋಕೆ’ ಅಂತ. ‘ಬೀಳ್ತೀಯ’ ಅನ್ನುವುದಕ್ಕೂ ‘ಬಿದ್ದೀಯ’ ಅನ್ನುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದರಲ್ಲಿ ಕೈ ಹಿಡಿಯಲು ಇನ್ನೂ ಸಮಯವಿದೆ. ಮಳೆಯ ಬಗ್ಗೆ ರೈತರು ಮಾತಾಡುವುದು ‘ಬಂದರೂ ಬಂದೀತು’ ಅಂತಲೇ. ಅನಿಶ್ಚಿತವನ್ನು ಅನಿಶ್ಚಿತವಾಗಿಯೇ ಕೇಳಿ, ಅದಕ್ಕೆ ತಕ್ಕಂತೆ ಬಿತ್ತನೆ ನಿರ್ಧರಿಸುವ ಓದುಗರು ಅವರು. ಅವರಿಗೆ ಗೊಂದಲವಾಗುತ್ತೆ ಅನ್ನುವುದು ನಮ್ಮ ಅಳುಕು. ಅಲ್ಲದೆ ಖಚಿತವಾಗಿ ಹೇಳಬೇಕಾದ ಮಾತುಗಳೂ ಇವೆ, ಯಾರು ಸಿಂಪಡಿಸಿದರು ಅನ್ನುವುದು ಅಂಥದ್ದು. ಅದನ್ನು ನಾವು ಕರ್ಮಣಿಯಲ್ಲಿ ಮುಚ್ಚಿ, ಖಚಿತವಲ್ಲದ್ದನ್ನು ಖಚಿತವಾಗಿ ಹೇಳ್ತಿದ್ದೀವಿ.

ಸಹಪಾಠಿಯೊಬ್ಬರ ಪ್ರಶ್ನೆ: ಬ್ಯಾಕ್ಟೀರಿಯಾ ಬಳಸಿ ಮಣ್ಣು ಸ್ವಚ್ಛ ಮಾಡುವ ಪ್ರಯತ್ನಗಳೇ ವ್ಯರ್ಥ ಅಂತ ನಿಮ್ಮ ಅಭಿಪ್ರಾಯವಾ?

ಉತ್ತರ: ಖಂಡಿತ ಅಲ್ಲ. ಆ ಕೆಲಸ ಮಾಡುವ ವಿಜ್ಞಾನಿಗಳೇ ಹದದ ಬಗ್ಗೆ ಎಲ್ಲರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡವರು. ಯಾವ ಜೀನ್, ಯಾವ ರೂಪಕ್ಕೆ, ಯಾವ ಮಣ್ಣಿನಲ್ಲಿ, ಏನು ಕೊಟ್ಟರೆ ಎಚ್ಚರವಾಗುತ್ತೆ ಅನ್ನುವುದೇ ಅವರ ಪ್ರಶ್ನೆ. ನನ್ನ ಟೀಕೆ ಅವರ ಕೆಲಸದ ಮೇಲಲ್ಲ, ಅದು ಕನ್ನಡಕ್ಕೆ ಬರುವ ದಾರಿಯಲ್ಲಿ ‘ಇದ್ದರೆ’ಗಳನ್ನು ಉದುರಿಸಿಕೊಂಡು ಬರುವುದರ ಮೇಲೆ. ಕನ್ನಡ ಎಂ.ಎ. ಓದುವವರು ಈ ವಿಷಯಕ್ಕೆ ಯಾಕೆ ಕೈ ಹಾಕಬೇಕು ಅಂತ ಚಾಟ್‌ನಲ್ಲಿ ಇನ್ನೊಬ್ಬರು ಕೇಳಿದ್ದಾರೆ. ಉದುರಿದ ಆ ‘ಇದ್ದರೆ’ಗಳನ್ನು ಹೆಕ್ಕಿ ವಾಕ್ಯಕ್ಕೆ ವಾಪಸು ಸೇರಿಸುವುದು ಭಾಷೆ ಓದಿದವರ ಕೆಲಸ ಅಂತ ನಾನು ತಿಳಿದುಕೊಂಡಿದ್ದೀನಿ.